ಕನ್ನಡದಲ್ಲಿ ಕೂಗಿದವನು

ಮೊನ್ನೆ ನಾಗಪುರದ ಹೊರಗೆ ವಾಡಿಯಲ್ಲಿರುವ ನಮ್ಮ ಗೋದಾಮಿಗೆ ಒಂದು ಲಾರಿ ಸಾಗುವಾನಿ ಹಲಗೆ ಬಂತು. ಮೇಲೆ ಹೊದಿಸಿದ್ದ ತಾಡಪತ್ರಿ ಹರಿದಿದ್ದರಿಂದ ದಾರಿಯುದ್ದಕ್ಕೂ ಮಳೆ ಬಡಿದು ಹಲಗೆಗಳೆಲ್ಲ ತೊಯ್ದಿದ್ದವು. ಹಮಾಲರು ಒಂದೊಂದಾಗಿ ಇಳಿಸತೊಡಗಿದಂತೆ ಹಸಿ ಮರದ ವಾಸನೆ ಗೋದಾಮಿನ ತುಂಬ ಹರಡಿತು. ಮಾಲು ಇಳಿಸಿಕೊಳ್ಳುವ ಉಸ್ತುವಾರಿ ನನ್ನದು. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮೈಯೆಲ್ಲ ಉರಿಯಿತು. ಜೊತೆಗಿದ್ದವನಿಗೆ ನೋಡಿಕೋ ಎಂದು ಹೇಳಿ ಹೊರಗೆ ಚಹಾದಂಗಡಿಯ ತಗಡಿನ ಕೆಳಗೆ ಹೋಗಿ ಕುಳಿತೆ. ಮೂರು ವರ್ಷವಾಯಿತು. ಮರೆತುಬಿಡು ಎಂದು ನನಗೆ ಹೇಳದವರೇ ಇಲ್ಲ. ನಾನು ಮರೆತಿಲ್ಲ. ಮರೆಯುವ ಮನಸ್ಸೂ ಇಲ್ಲ.

ಆ ವರ್ಷದ ಶ್ರಾವಣದಲ್ಲಿ ನಾನು ಓಡುತ್ತಿದ್ದೆ. ಓಡುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ ಎಂದರೂ ಸರಿ. ಪೊಲೀಸ್ ಭರತಿಯ, ಅಂದರೆ ನೇಮಕಾತಿಯ, ಓಟದ ಪರೀಕ್ಷೆ ಶ್ರಾವಣದ ಕೊನೆಗೆ ಬರುವ ಎತ್ತುಗಳ ಹಬ್ಬ ಪೋಳಾ ಮುಗಿದ ಮೇಲೆ ಇತ್ತು. ಹೆಣ್ಣುಮಕ್ಕಳಿಗೆ ಎಂಟುನೂರು ಮೀಟರು, ಅಂದರೆ ಮೈದಾನಕ್ಕೆ ಎರಡು ಸುತ್ತು. ಹಿಂದಿನ ಸಲ ಕೂದಲೆಳೆಯಲ್ಲಿ ಕೈತಪ್ಪಿತ್ತು. ಈ ಸಲ ತಪ್ಪಿದರೆ ವಯಸ್ಸು ಮೀರುತ್ತಿತ್ತು, ಮತ್ತೆ ಅರ್ಜಿ ಹಾಕುವ ಹಾಗಿರಲಿಲ್ಲ. ಹಾಗಾಗಿ ದಿನಾ ಬೆಳಕು ಹರಿಯುವ ಮೊದಲೇ ಅಜನಿಯ ರೈಲ್ವೆ ಕ್ವಾರ್ಟರ್ಸಿನಿಂದ ಹೊರಟು ಹತ್ತಿರದ ಮೈದಾನಕ್ಕೆ ಹೋಗಿ ಕೆಸರಿರಲಿ ನೀರಿರಲಿ ಓಡುತ್ತಿದ್ದೆ. ಅಪ್ಪ ಹುಬ್ಬಳ್ಳಿ ಕಡೆಯಿಂದ ರೈಲ್ವೆ ಹಳಿಯ ಕೆಲಸಕ್ಕೆ ಬಂದವರು, ಮಾತು ಕಡಿಮೆ. ನಾನು ಓಡಿ ಬರುವಷ್ಟರಲ್ಲಿ ಹೆಸರುಕಾಳು ನೆನೆಸಿ ತಾಟಿನಲ್ಲಿ ಮುಚ್ಚಿಟ್ಟಿರುತ್ತಿದ್ದರು. ಅವ್ವನದು ತದ್ವಿರುದ್ಧ. "ನನ್ನ ಮಗಳು ಖಾಕಿ ಹಾಕ್ಕೊಂಡು ಬಂದ್ಲಂದ್ರ ಈ ಲೈನಿನಾಗ ಒಬ್ಬರದೂ ಬಾಯಿ ಏಳಾಂಗಿಲ್ಲ ನೋಡ್ರಿ" ಎಂದು ಆಗಲೇ ಊರಿಗೆಲ್ಲ ಸಾರಿಬಿಟ್ಟಿದ್ದಳು.

ನಮ್ಮ ಲೈನಿನಲ್ಲಿ ಕನ್ನಡದ ಮನೆಗಳು ಕೆಲವೇ. ಹೊರಗೆ ಕಾಲಿಟ್ಟರೆ ಮರಾಠಿ, ಹಿಂದಿ. ಆದರೆ ನಾವು ಚಿಕ್ಕವರಿದ್ದಾಗಿನಿಂದ ದೊಡ್ಡವರು ನಮಗೆಲ್ಲ ಒಂದು ಮಾತು ಕಲಿಸಿದ್ದರು. ಸ್ಟೇಷನ್ನಿನ ಗದ್ದಲದಲ್ಲೋ ಜಾತ್ರೆಯ ನೂಕುನುಗ್ಗಲಿನಲ್ಲೋ ತಪ್ಪಿಸಿಕೊಂಡರೆ ಅಳುತ್ತ ನಿಲ್ಲಬಾರದು, ಕನ್ನಡದಲ್ಲಿ ಕೂಗಬೇಕು. ಮಂದಿ ಎಷ್ಟೇ ಇರಲಿ, ಕನ್ನಡದ ಕೂಗು ಕಿವಿಗೆ ಬಿದ್ದ ನಮ್ಮವರು ಯಾರೇ ಆದರೂ ಕೈಯಲ್ಲಿದ್ದದ್ದು ಬಿಟ್ಟು ಓಡಿ ಬರಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೂ ಪಾಲಿಸುತ್ತಿದ್ದರು. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಬರ್ಡಿಯ ಬಜಾರಿನಲ್ಲಿ "ಅವ್ವಾ, ಎಲ್ಲಿದ್ದೀಯವ್ವಾ" ಎಂದು ಅಳುತ್ತಿದ್ದ ಹುಡುಗನ ಬಳಿಗೆ ಓಡಿಹೋಗಿ ಅವನನ್ನು ಮನೆ ಮುಟ್ಟಿಸಿದ್ದೆ. ಆ ಹುಡುಗ ನಮ್ಮ ಲೈನಿನವನೇ, ಮಹೇಶ. ನನ್ನ ಗೆಳತಿ ಶೋಭಾಳ ತಮ್ಮ. ಅಂದಿನಿಂದ ನನ್ನನ್ನು ಬಾಯಿತುಂಬ ಅಕ್ಕಾ ಎಂದು ಕರೆಯುತ್ತಿದ್ದ.

ಆ ಮಹೇಶನೇ ರವಿವಾರ ಬೆಟ್ಟಕ್ಕೆ ಹೋಗೋಣ ಎಂದದ್ದು. ದೊಡ್ಡವನಾದ ಮೇಲೆ ಅವನಿಗೆ ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕುವ ಹುಚ್ಚು. ಹಾಳು ಬಾವಿ, ಪಾಳು ಕೋಟೆ, ದೆವ್ವದ ಬಂಗಲೆ, ಇಂಥವೇ ಅವನ ಸರಕು. ನಾನು ಮೊದಲು ಒಲ್ಲೆ ಎಂದೆ.

"ದಿನಾ ಓಡಿ ಓಡಿ ಕತ್ತೆ ಆಗೀಯವ್ವಾ" ಎಂದಳು ಶೋಭಾ. "ಒಂದಿನ ಗುಡ್ಡ ಹತ್ತಿದ್ರ ಕಾಲೂ ಗಟ್ಟಿ ಆಗ್ತಾವು. ನಡಿ ಸುಮ್ನ."

ಮೈದಾನದಲ್ಲಿ ನನ್ನ ಜೊತೆ ಓಡುತ್ತಿದ್ದ ನಿತಿನ್‌ ಎಂಬ ಮರಾಠಿ ಹುಡುಗನನ್ನೂ ಕರೆದುಕೊಂಡೆವು. ನಾಗಪುರದ ಇತವಾರಿ ಪೇಟೆಯವನು, ಅವನೂ ಭರತಿಗೆ ತಯಾರಾಗುತ್ತಿದ್ದ. ಎರಡು ಬೈಕು, ನಾಲ್ಕು ಜನ. ರಾಮಟೇಕ ದಾಟಿ ಒಳಗೆ ಹೋದರೆ ಸಣ್ಣದೊಂದು ಹಳ್ಳಿ, ಹಳ್ಳಿಯ ಬೆನ್ನಿಗೆ ಬೆಟ್ಟ, ಬೆಟ್ಟದ ಆ ಕಡೆ ಇಳಿದರೆ ಕಾಡು. ಬುಡದಲ್ಲಿ ಒಬ್ಬ ಮುದುಕಿ ಕೆಂಡದ ಮೇಲೆ ಮೆಕ್ಕೆತೆನೆ ಸುಡುತ್ತಿದ್ದಳು. ಬೆಟ್ಟ ಹತ್ತಿರಿ, ಇಳಿಯಿರಿ, ಆದರೆ ಆ ಕಡೆಯ ಹಳ್ಳ ಮಾತ್ರ ದಾಟಬೇಡಿ, ಅಲ್ಲಿ ಚಕವಾ ಹಿಡಿಯುತ್ತದೆ ಎಂದಳು. ಚಕವಾ ಎಂದರೆ ದಾರಿ ತಪ್ಪಿಸುವ ದೆವ್ವ. ಹೆಸರು ಹಿಡಿದು ಕರೆಯುತ್ತದಂತೆ, ಓಗೊಟ್ಟವರನ್ನು ಅದದೇ ಜಾಗದಲ್ಲಿ ಗಿರಗಿರ ಸುತ್ತಿಸುತ್ತದಂತೆ. ಮಹೇಶನ ಕಣ್ಣು ಅರಳಿದವು. ನಾನು ನಕ್ಕು, ತೆನೆಗೆ ನಿಂಬೆಹಣ್ಣು ಉಪ್ಪು ತಿಕ್ಕಿಸಿಕೊಂಡು ಮುಂದೆ ನಡೆದೆ.

ಬೆಟ್ಟವೇನೋ ಚೆನ್ನಾಗಿತ್ತು. ಮೇಲೆ ನಿಂತರೆ ಸುತ್ತ ಹಸಿರು, ದೂರದಲ್ಲಿ ಕೆರೆಯ ನೀರು, ಮೋಡ ನಮ್ಮ ತಲೆಗೇ ಹತ್ತಿದಂತಿತ್ತು. ಗಾಳಿಗೆ ಮೈ ಒಡ್ಡಿ ನಿಂತು, ಈ ಸಲ ನನಗೆ ಆಗೇ ಆಗುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನಿಜ ಹೇಳುತ್ತೇನೆ, ಅಷ್ಟು ಖುಷಿ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಆ ಕಡೆ ಇಳಿದಾಗ ಕಾಡಿನ ರೂಪವೇ ಬೇರೆ. ಸಾಗುವಾನಿ ಮರಗಳು ಒತ್ತಾಗಿ ನಿಂತಿದ್ದವು. ಮೊರದಗಲ ಎಲೆಗಳ ಮೇಲೆ ಹನಿ ಬಿದ್ದು ಟಪಟಪ ಸದ್ದು, ಆದರೆ ಮಳೆ ನಮ್ಮ ಮೈಮೇಲೆ ಬೀಳುತ್ತಿರಲಿಲ್ಲ. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ನಡುನಡುವೆ ಸುಣ್ಣ ಬಳಿದಂತೆ ಬೆಳ್ಳಗಿದ್ದ ಕಾಂಡದ ಮರಗಳು, ಕೈ ಚಾಚಿ ನಿಂತ ಮನುಷ್ಯರ ಹಾಗೆ ಕಾಣುತ್ತಿದ್ದವು. ಮಧ್ಯಾಹ್ನವೇ ಮುಸ್ಸಂಜೆಯಾದಂತಿತ್ತು. ನಿತಿನ್‌ ಬಾಯಲ್ಲಿ ಏನೋ ಮಂತ್ರ ಹೇಳಿಕೊಳ್ಳುತ್ತಿದ್ದ. ನನಗೂ ಮೈ ಜುಂ ಎಂದದ್ದು ಹೌದು, ಸುಳ್ಳೇಕೆ ಹೇಳಲಿ. ಆದರೆ ಓಡಿಹೋಗುವಂಥ ಹೆದರಿಕೆಯಲ್ಲ ಅದು.

ಫೋಟೋ ತೆಗೆಯುವ ನೆಪದಲ್ಲಿ ಶೋಭಾ ನಿತಿನ್‌ನನ್ನು ಹಿಂದೆ ನಿಲ್ಲಿಸಿಕೊಂಡಳು. ಮಹೇಶ ಆಗಲೇ ಎಲ್ಲೋ ಮುಂದೆ ಹೋಗಿದ್ದ. ನಾನೊಬ್ಬಳೇ ಹಳ್ಳದ ತನಕ ಬಂದು ನಿಂತಿದ್ದೆ. ಆಗ ಆ ದಂಡೆಯಿಂದ ಕೂಗು ಕೇಳಿಸಿತು.

"ಅಕ್ಕಾ! ಸುವರ್ಣಕ್ಕಾ! ಬಿದ್ದೀನಿ ಅಕ್ಕಾ, ಕಾಲು ಸಿಕ್ಕೊಂಡೈತಿ! ಲಗೂ ಬಾ!"

ಒಂದು ಕ್ಷಣ ಆ ಮುದುಕಿಯ ಮಾತು ನೆನಪಾಯಿತು. ಮರುಕ್ಷಣವೇ, ರಾಮಟೇಕದ ಕಾಡಿನ ದೆವ್ವಕ್ಕೆ ಹುಬ್ಬಳ್ಳಿಯ ಕನ್ನಡ ಎಲ್ಲಿಂದ ಬರಬೇಕು ಅನ್ನಿಸಿತು. ಇದು ನಮ್ಮ ಮಹೇಶ, ಅವನು ಕನ್ನಡದಲ್ಲಿ ಕೂಗುತ್ತಿದ್ದಾನೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. "ಬಂದೆ, ಬಂದೆ, ಹೆದರಬ್ಯಾಡ!" ಎಂದು ಕೂಗುತ್ತ ಹಳ್ಳಕ್ಕೆ ನುಗ್ಗಿ ಓಡಿದೆ. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿತು. ಪಾದ ಎರಡು ಕಲ್ಲುಗಳ ನಡುವೆ ಸಿಕ್ಕಿತು, ಮೈ ಇನ್ನೊಂದು ಕಡೆ ತಿರುಗಿತು. ಎಡಮೊಣಕಾಲಿನೊಳಗೆ ಏನೋ ಪಟ್ಟೆಂದು ಹರಿದ ಸದ್ದು ನನಗೇ ಕೇಳಿಸಿತು.

ನೀರಿನಲ್ಲಿ ಬಿದ್ದು ಚೀರುತ್ತಿದ್ದಾಗ ತಲೆಯೆತ್ತಿ ನೋಡಿದರೆ ಮಹೇಶ ಬಿಳಿ ಮರದ ಹಿಂದೆ ಎರಡೂ ಕಾಲ ಮೇಲೆ ನೆಟ್ಟಗೆ ನಿಂತಿದ್ದ. ನಗುತ್ತಿದ್ದ. ಮರದ ಕವಲಿನಲ್ಲಿ ಅವನ ಮೊಬೈಲು ನನ್ನ ಕಡೆ ಮುಖ ಮಾಡಿತ್ತು.

"ಅಕ್ಕಾ, ಮಜಾಕ್ ಮಾಡಿದ್ನಿ ಅಕ್ಕಾ. ಏಳು, ಏಳು" ಎಂದ. ಏಳಲು ಆಗುವುದಿಲ್ಲವೆಂದು ತಿಳಿದ ಮೇಲಷ್ಟೇ ಅವನ ನಗು ನಿಂತದ್ದು. ತನ್ನ ಕೆಂಪು ಚೌಕಳಿ ಅಂಗಿ ಬಿಚ್ಚಿ ನನ್ನ ಮೊಣಕಾಲಿಗೆ ಸುತ್ತಿದ. ನಿತಿನ್‌ ನನ್ನನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಿಳಿದ. ನಾಗಪುರದ ಆಸ್ಪತ್ರೆಯಲ್ಲಿ ಡಾಕ್ಟರು, ಮೊಣಕಾಲಿನೊಳಗಿನ ಲಿಗಮೆಂಟ್ ಹರಿದಿದೆ, ಪೋಳಾ ಹೋಗಲಿ ದೀಪಾವಳಿಗೂ ಓಡುವ ಮಾತಿಲ್ಲ ಎಂದರು. ಅಪ್ಪ ಅಲ್ಲೇ ಗೋಡೆಗೆ ಮುಖ ತಿರುಗಿಸಿ ನಿಂತುಬಿಟ್ಟರು.

ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ನನ್ನ ಸಿಟ್ಟು ಇಷ್ಟು ಬೆಳೆಯುತ್ತಿರಲಿಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ ಆ ವಾರದಲ್ಲೇ ನಮ್ಮ ಕನ್ನಡ ಮನೆಗಳ ವಾಟ್ಸಪ್ ಗುಂಪಿಗೆ ವಿಡಿಯೋ ಬಂತು. ಮಹೇಶನೇ ಹಾಕಿದ್ದ. ನಾನು ಕೂಗಿದ "ಬಂದೆ, ಹೆದರಬ್ಯಾಡ" ಎಂಬ ಮಾತನ್ನು ಒರೆಸಿ ಅಲ್ಲಿ ದೆವ್ವದ ಸಂಗೀತ ತುಂಬಿದ್ದ. ಮಾತಿಲ್ಲದೆ ನೋಡಿದರೆ ಏನು ಕಾಣುತ್ತದೆ? ಬಾಯಿ ತೆರೆದು, ಕಣ್ಣು ಅರಳಿಸಿ, ಹಿಂದೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡಿ ಬಂದು ದಪ್ಪನೆ ಬೀಳುವ ಒಬ್ಬ ಹೆಂಗಸು. ಮೇಲೆ ಒಂದು ಸಾಲು: ದೆವ್ವಕ್ಕೆ ಹೆದರಿ ಓಡಿದ ಪೊಲೀಸಮ್ಮ.

ಅಯ್ಯೋ, ಏನು ನಗು, ಏನು ನಗು! ಕಾಮಠಿಯಿಂದ ಕೋರಾಡಿಯ ತನಕ ಇದ್ದ ಕನ್ನಡದವರೆಲ್ಲ ನಕ್ಕರು. ಶ್ರಾವಣ ಸೋಮವಾರದ ಪೂಜೆಗೆಂದು ಒಂದು ಮನೆಗೆ ಹೋದ ಅವ್ವ ಅರಿಶಿನ ಕುಂಕುಮವನ್ನೂ ತೆಗೆದುಕೊಳ್ಳದೆ ಎದ್ದು ಬಂದಳು. ಯಾರೋ ಅವಳ ಎದುರೇ, "ನಿಮ್ಮ ಮಗಳಿಗೆ ತಾಯತ ಕಟ್ಟಸ್ರಿ, ಆಮ್ಯಾಲ ಪೊಲೀಸ್ ಮಾಡೀರಂತ" ಎಂದಿದ್ದರಂತೆ. ನಾನು ಕೂಗಿನ ಕಡೆಗೆ ಓಡಿದವಳು. ಕೂಗನ್ನು ಕೇಳಿ ಓಡಿಹೋದವಳಲ್ಲ. ಇದನ್ನು ಎಷ್ಟು ಜನಕ್ಕೆ ಹೇಳಿದರೂ, "ಹೌದ್ಹೌದು, ಬಿಡವ್ವಾ, ಎಲ್ಲಾರಿಗೂ ಅಂಜಿಕಿ ಇರತೈತಿ" ಎಂದು ಇನ್ನಷ್ಟು ನಗುತ್ತಿದ್ದರು.

ಶೋಭಾಳನ್ನು ಕರೆಸಿ ಕೇಳಿದೆ. "ನಿನಗ ಮೊದಲೇ ಗೊತ್ತಿತ್ತಲ್ಲ?"

ಅವಳು ಸೆರಗಿನ ತುದಿ ಸುತ್ತುತ್ತ ಕುಳಿತಳು. "ಸುಮ್ನ ಅಂಜಸೂಣು ಅಂದಿದ್ದ. ಬೀಳ್ತಿ ಅಂತ ಯಾರಿಗೆ ಗೊತ್ತಿತ್ತು? ಹುಡುಗಾಟ ಲೇ ಸುವ್ವಿ. ಮನಸಿಗೆ ಹಚ್ಕೋಬ್ಯಾಡ."

"ಆ ಮಾತು ಒರೆಸಿದ್ದೂ ಹುಡುಗಾಟನಾ? ಪೂರ್ತಿ ವಿಡಿಯೋ ಹಾಕು ಅಂತ ಹೇಳು ಅವಗ."

"ಅದನ್ನ ಅಳಿಸ್ಯಾನಂತ."

ಆ ರಾತ್ರಿಯ ಊಟ ನನಗೆ ಇಳಿಯಲಿಲ್ಲ. ಅವ್ವ ತಾಟನ್ನು ಪಕ್ಕಕ್ಕೆ ಸರಿಸಿ ನನ್ನ ಎದುರು ಕುಳಿತಳು. "ನಿಮ್ಮಪ್ಪ ಬಿಡು ಅಂತಾನ. ನೀ ಬಿಡಬ್ಯಾಡ. ಆ ಹಲ್ಕಟ್ಟನ ಬಾಯಾಗ ಮಣ್ಣು ಬಿದ್ದದ್ದನ್ನ ನಾ ಕಣ್ಣಾರೆ ನೋಡಬೇಕು" ಎಂದಳು. ಲೋಕದಲ್ಲಿ ನನ್ನ ಮನಸ್ಸು ಅರ್ಥವಾದದ್ದು ಅವಳೊಬ್ಬಳಿಗೇ ಎನ್ನಿಸಿ ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ.

ಅಷ್ಟರಲ್ಲಿ ಪೋಳಾ ಹತ್ತಿರ ಬಂತು. ಪೋಳಾದ ಮಾರನೆಯ ದಿನ ನಾಗಪುರದಲ್ಲಿ ಮಾರಬತ್‌ ಮೆರವಣಿಗೆ. ಊರಿನ ಕೇಡನ್ನೆಲ್ಲ ಹೊತ್ತುಕೊಂಡು ಹೋಗು ಎಂದು ದೊಡ್ಡ ಹೆಣ್ಣುಗೊಂಬೆಗಳನ್ನು ಹೊರಡಿಸುತ್ತಾರೆ. ಜೊತೆಗೆ ಬಡಗ್ಯಾ ಎಂಬ ಗಂಡುಗೊಂಬೆಗಳು. ಯಾರ ಮೇಲೆ ಸಿಟ್ಟಿದೆಯೋ ಅವರ ಹಾಗೆ ಬಡಗ್ಯಾ ಮಾಡಿ, ಕೊರಳಿಗೆ ಬೈಗುಳದ ಹಲಗೆ ಕಟ್ಟಿ, ಕೊನೆಗೆ ಸುಟ್ಟುಬಿಡುತ್ತಾರೆ. ನಿತಿನ್‌ನ ಗಲ್ಲಿಯ ಹುಡುಗರು ವರ್ಷವೂ ಒಂದು ಬಡಗ್ಯಾ ಮಾಡುತ್ತಿದ್ದರು. ಈ ಸಲ ಯಾರದು ಎಂದು ಅವನು ಕೇಳಿದಾಗ ನಾನು ಹಾಸಿಗೆಯ ಕೆಳಗಿದ್ದ ಕೆಂಪು ಚೌಕಳಿ ಅಂಗಿಯನ್ನು ಎಳೆದು ಅವನ ಕೈಗಿಟ್ಟೆ.

ಬಿದಿರು, ಹುಲ್ಲು, ರದ್ದಿ ಕಾಗದ. ತಲೆ ಮಡಕೆಯದು, ಕೈಯಲ್ಲಿ ರಟ್ಟಿನ ಮೊಬೈಲು. ಕೊರಳಲ್ಲಿ ಮರಾಠಿ ಹಲಗೆ: ಸುಳ್ಳು ಕೂಗು ಹಾಕಿ ಸುಳ್ಳು ವಿಡಿಯೋ ಮಾಡುವವನು. ಮೂಗು ಮಾತ್ರ ನಾನೇ ಮಾಡಿದೆ, ಅವನದು ತುಸು ಸೊಟ್ಟ. ಮೆರವಣಿಗೆಯ ದಿನ ಅಪ್ಪ ಬೇಡ ಬೇಡವೆಂದರೂ ಊರುಗೋಲು ಹಿಡಿದು ಅವ್ವನ ಜೊತೆ ಹೋಗಿ ಇತವಾರಿಯ ಒಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತೆ. ಢೋಲು ತಾಶೆಯ ಸದ್ದಿಗೆ ಎದೆ ಅದುರುತ್ತಿತ್ತು. "ಘೇವುನ್‌ ಜಾ ಗೇ ಮಾರಬತ್‌!" ಎಂದು, ಎಲ್ಲ ಕೇಡನ್ನೂ ಹೊತ್ತುಕೊಂಡು ಹೋಗೆಂದು, ಜನ ಕೂಗುತ್ತಿದ್ದರು. ಮಹೇಶ ಮೆರವಣಿಗೆಯ ವಿಡಿಯೋ ಮಾಡಲು ಬಂದೇ ಬರುತ್ತಾನೆಂದು ನನಗೆ ಗೊತ್ತಿತ್ತು. ತನ್ನನ್ನು ತಾನೇ ನೋಡಿ ಅವನ ಮುಖ ಕಪ್ಪಿಡುವುದನ್ನು ಕಾಯುತ್ತಿದ್ದೆ.

ಬಂದ. ಬಡಗ್ಯಾನ ಎದುರು ನಿಂತ. ಹಲಗೆ ಓದಿದ. ನಂತರ ಏನು ಮಾಡಿದ ಗೊತ್ತೇ? ಗೊಂಬೆಯ ಹೆಗಲಿಗೆ ಕೈ ಹಾಕಿ ಸೆಲ್ಫಿ ತೆಗೆದುಕೊಂಡ. ಹುಡುಗರ ಜೊತೆ ಸೇರಿ ಅದರ ಸುತ್ತ ಕುಣಿದ. ನಮ್ಮನ್ನು ಕಂಡು ಬೆವರು ಒರೆಸಿಕೊಳ್ಳುತ್ತ ಓಡಿಬಂದ.

"ಅಕ್ಕಾ, ನೀನೂ ಬಂದೀಯಲ್ಲ, ಚಲೋ ಆತು! ನೋಡಿದೇನು ಆ ಬಡಗ್ಯಾ? ಏಕದಂ ಬರೋಬರ್ ಮಾಡ್ಯಾರ. ಸುಳ್ಳು ವಿಡಿಯೋ ಮಾಡಾವ್ರನ್ನ ಹಿಂಗ ಸುಡಬೇಕು. ಅಂಗಿ ನೋಡು, ನನ್ನಂಥಾದ್ದ ಐತಿ!"

ಸಂಜೆ ಗೊಂಬೆಗೆ ಬೆಂಕಿ ಇಟ್ಟರು, ಚಟಪಟ ಉರಿಯಿತು, ಮಹೇಶ ಅದನ್ನೂ ವಿಡಿಯೋ ಮಾಡಿದ. ನನಗೆ ಒಂದು ಕಾಳಿನಷ್ಟೂ ತೃಪ್ತಿಯಾಗಲಿಲ್ಲ. ಸುಟ್ಟದ್ದು ಹುಲ್ಲು. ತಾನು ತಪ್ಪು ಮಾಡಿದ್ದೇನೆಂಬ ಅರಿವೇ ಇಲ್ಲದ ಅವನು ಮನೆಗೆ ಹೋಗಿ ಹೊಟ್ಟೆತುಂಬ ಉಂಡು ಮಲಗಿರುತ್ತಾನೆ ಎಂದು ನೆನೆದು ಹಲ್ಲು ಕಡಿದೆ. ಅವನಿಗೆ ಗೊತ್ತಾಗಬೇಕು, ನೋವಾಗಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ನನ್ನ ಓಟದ ಪರೀಕ್ಷೆಯ ದಿನ ಬಂತು. ಆ ಬೆಳಿಗ್ಗೆ ಎದ್ದು ಓಟದ ಬನಿಯನ್, ಚಡ್ಡಿ ಹಾಕಿಕೊಂಡೆ. ಎಡಗಾಲಿಗೆ ಪ್ಲಾಸ್ಟರ್, ಬಲಗಾಲಿಗೆ ಓಟದ ಬೂಟು. ಮಹೇಶನಿಗೆ ಫೋನು ಮಾಡಿ, ಒಂದು ವಿಡಿಯೋ ಮಾಡಬೇಕು, ಮೈದಾನಕ್ಕೆ ಬಾ ಎಂದೆ. ಪಾಪ, ಖುಷಿಯಿಂದಲೇ ಬಂದ. ಶೋಭಾಳೂ ಬಂದಳು. ನಮ್ಮ ಜೊತೆ ಓಡುತ್ತಿದ್ದ ಹುಡುಗಿಯರೆಲ್ಲ ಪರೀಕ್ಷೆಗೆ ಹೋಗಿದ್ದರಿಂದ ಮೈದಾನ ಖಾಲಿ ಇತ್ತು, ರಾತ್ರಿಯ ಮಳೆಗೆ ಅಲ್ಲಲ್ಲಿ ನೀರು ನಿಂತಿತ್ತು.

"ಏನು ವಿಡಿಯೋ ಅಕ್ಕಾ?"

"ನಾ ಓಡ್ತೀನಿ, ನೀ ತೆಗಿ. ಎರಡು ಸುತ್ತು. ಶುರುದಿಂದ ಕಡೀತನಕ. ಎಲ್ಲೂ ನಿಲ್ಲಸಬ್ಯಾಡ, ಏನೂ ಕತ್ತರಿಸಬ್ಯಾಡ."

"ಈ ಕಾಲಾಗ? ಹುಚ್ಚಿ ಏನು ನೀನು?"

"ಇವತ್ತು ನನ್ನ ಓಟದ ಪರೀಕ್ಷೆ ಐತಿ, ಮಹೇಶ. ಈಗ ಅಲ್ಲಿ ನನ್ನ ಹೆಸರು ಕೂಗ್ತಿರತಾರ."

ಅವನು ಶೋಭಾಳ ಮುಖ ನೋಡಿದ. "ಮುಂದಿನ ಸಲ ಕೊಡಬಹುದಲ್ಲ ಅಕ್ಕಾ..."

"ಮುಂದಿನ ಸಲ ಅಂತ ಇಲ್ಲ. ವಯಸ್ಸು ಮುಗೀತು. ಇದ ಕಡೀದು."

ಅವನಿಗೆ ಇದು ಗೊತ್ತಿರಲಿಲ್ಲ. ನಿಜಕ್ಕೂ ಗೊತ್ತಿರಲಿಲ್ಲ, ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಗೊತ್ತು ಮಾಡಿಕೊಳ್ಳುವಷ್ಟು ಪುರುಸೊತ್ತು ಅವನಿಗೆ ಯಾವಾಗ ಇತ್ತು? ನಾನು ಊರುಗೋಲು ಊರಿ ಗೆರೆಯ ಮೇಲೆ ನಿಂತೆ. "ತೆಗಿ" ಎಂದೆ.

ಮೊದಲ ಸುತ್ತು ಮುಗಿಯುವಷ್ಟರಲ್ಲಿ ಕಂಕುಳು ಉರಿಯತೊಡಗಿತ್ತು. ಪ್ರತಿ ಹೆಜ್ಜೆಗೂ ಮೊಣಕಾಲಿನಿಂದ ನೆತ್ತಿಯ ತನಕ ನೋವು ಎದ್ದು ಬರುತ್ತಿತ್ತು. ಮಹೇಶ ಮೊಬೈಲು ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದ. "ಸಾಕು ಅಕ್ಕಾ, ಕೈ ಮುಗೀತೀನಿ" ಎಂದ. "ಇನ್ನೂ ಒಂದು ಸುತ್ತು ಐತಿ" ಎಂದೆ. ಎರಡನೆಯ ಸುತ್ತಿನ ತಿರುವಿನಲ್ಲಿ ಊರುಗೋಲು ಕೆಸರಿಗೆ ಜಾರಿ ಮಕಾಡೆ ಬಿದ್ದೆ. ಅವನು ಓಡಿಬಂದ.

"ಅಲ್ಲೇ ನಿಂದ್ರು!" ಎಂದು ಚೀರಿದೆ. "ಮೊಬೈಲ್ ಇಳಿಸಬ್ಯಾಡ. ನನ್ನ ಮುಟ್ಟಬ್ಯಾಡ. ನಿನ್ನ ಕೆಲಸ ನೋಡೂದು, ನೋಡು!"

ನಿಂತ. ನಾನು ಕೆಸರಿನಲ್ಲಿ ತೆವಳಿ ಊರುಗೋಲು ಹುಡುಕಿ ಏಳಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವನು ನೋಡಿದ. ಶೋಭಾ ಮುಖ ಮುಚ್ಚಿಕೊಂಡು ನೆಲದ ಮೇಲೆ ಕುಳಿತುಬಿಟ್ಟಿದ್ದಳು. ಆಗ ಮಹೇಶ ಅಳತೊಡಗಿದ. ಚಿಕ್ಕ ಹುಡುಗರು ಅಳುವ ಹಾಗೆ, ಬಿಕ್ಕಿ ಬಿಕ್ಕಿ, "ನಂದ ತಪ್ಪು ಅಕ್ಕಾ, ನೀ ನನ್ನ ಉಳಿಸಾಕ ಬಂದಿದ್ದಿ, ನಾನ ಸುಳ್ಳು ಹೇಳೀನಿ" ಎಂದು. ನಾನು ಕುಂಟುತ್ತ ಹೋಗಿ ಗೆರೆ ದಾಟಿದೆ.

"ಈಗ ಅದನ್ನ ಹಂಗ ಗುಂಪಿಗೆ ಹಾಕು" ಎಂದೆ. "ಒಂದು ಸದ್ದೂ ಒರೆಸಬ್ಯಾಡ."

ಹಾಕಿದ. ನನ್ನ ಎದುರೇ ನಿಂತು ಹಾಕಿದ. ಗುಂಪಿನಲ್ಲಿ ಅಂದು ಒಬ್ಬರೂ ಒಂದು ಮಾತು ಬರೆಯಲಿಲ್ಲ. ಸಂಜೆ ತಾಯತದ ಮಾತಾಡಿದ್ದವರು ತಾವಾಗಿಯೇ ಅವ್ವನಿಗೆ ಅರಿಶಿನ ಕುಂಕುಮ ತಂದರು, ಅವ್ವ ಬಾಗಿಲು ತೆಗೆಯಲಿಲ್ಲ. ನಿತಿನ್‌ ಆಯ್ಕೆಯಾಗಿ ಈಗ ಖಾಕಿಯಲ್ಲಿದ್ದಾನೆ. ಶೋಭಾ ಮದುವೆಯಾಗಿ ಹೋದಳು. ಮಹೇಶ ವಿಡಿಯೋ ಮಾಡುವುದನ್ನು ಬಿಟ್ಟು ಕಳಮೇಶ್ವರದ ಒಂದು ಕಾರ್ಖಾನೆಗೆ ಸೇರಿದ್ದಾನೆ, ದಾರಿಯಲ್ಲಿ ಸಿಕ್ಕರೆ ತಲೆ ತಗ್ಗಿಸುತ್ತಾನೆ. ಅವನಿಗೆ ಸಾಕಷ್ಟು ಶಿಕ್ಷೆಯಾಯಿತು, ಇನ್ನಾದರೂ ಒಂದು ಒಳ್ಳೆಯ ಮಾತಾಡು ಎಂದು ಅಪ್ಪ ಹಬ್ಬ ಬಂದಾಗಲೆಲ್ಲ ಹೇಳುತ್ತಾರೆ. ನಾನು ಹೂಂ ಎನ್ನುತ್ತೇನೆ, ಆದರೆ ಅವನ ಜೊತೆ ಮಾತಾಡುವುದಿಲ್ಲ.

ಆ ವಿಡಿಯೋ ನನ್ನ ಮೊಬೈಲಿನಲ್ಲಿದೆ. ಅದರಲ್ಲಿ ನಾನು ಕಾಣುತ್ತೇನೆ, ಅವನು ಕಾಣುವುದಿಲ್ಲ, ಅವನ ಅಳು ಮಾತ್ರ ಕೇಳಿಸುತ್ತದೆ. ಮೊನ್ನೆ ಚಹಾದಂಗಡಿಯ ತಗಡಿನ ಕೆಳಗೆ ಕುಳಿತು ಅದನ್ನೇ ಹಚ್ಚಿದೆ. ನನ್ನನ್ನು ನಾನು ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಅವನು ಅಳುವುದನ್ನು ಕೊನೆಯ ತನಕ ಕೇಳಿದೆ, ಆಮೇಲೆ ಇನ್ನೊಮ್ಮೆ ಕೇಳಿದೆ.